ಸಾಂಕ್ರಾಮಿಕದ ನಂತರ ಹೊರಗಿನವರ ಬಗ್ಗೆ ಊರಿನ ಮನಸ್ಸು: ಅಧ್ಯಯನ ಮಾಡುವ ಬಗೆ

ಆರೋಗ್ಯದ ಬಿಕ್ಕಟ್ಟೊಂದು ಬಂದು ಹೋದ ಮೇಲೆ ವಲಸೆ ಬಂದವರನ್ನು ಕುರಿತ ಜನರ ಭಾವನೆ ಬದಲಾಗುತ್ತದೆಯೇ, ಬದಲಾದರೆ ಯಾವ ದಿಕ್ಕಿಗೆ, ಎಷ್ಟು ಕಾಲ ಎಂಬುದನ್ನು ಬಳ್ಳಾರಿ, ರಾಯಚೂರು ಅಥವಾ ಕೊಪ್ಪಳ ಜಿಲ್ಲೆಯ ಊರುಗಳಲ್ಲಿ ಕೇಳಿ ತಿಳಿಯಬೇಕೆಂದಿರುವವರಿಗಾಗಿ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಕಿರುಪ್ರಬಂಧ ಸಿದ್ಧಪಡಿಸುವ ಸ್ನಾತಕೋತ್ತರ ವಿದ್ಯಾರ್ಥಿಗಳು, ಕಾರ್ಮಿಕರ ನಡುವೆ ಕೆಲಸ ಮಾಡುವ ಸಂಘಟನೆಯವರು, ಜಿಲ್ಲಾ ವರದಿಗಾರರು ಮುಂತಾದವರ ಕೈಯಲ್ಲಿ ದೊಡ್ಡ ಅನುದಾನ ಇರುವುದಿಲ್ಲ. ಆದ್ದರಿಂದ ನಾಲ್ಕೈದು ಜನ ಸೇರಿ, ಬೈಕಿನಲ್ಲಿ ಓಡಾಡಿ, ಒಂದು ಹಂಗಾಮಿನೊಳಗೆ ಮುಗಿಸಬಹುದಾದ ಕ್ರಮಗಳನ್ನಷ್ಟೇ ಇಲ್ಲಿ ಹೇಳಲಾಗಿದೆ.

ಈ ಪ್ರಶ್ನೆಗೆ ಈ ಸೀಮೆಗಿಂತ ಒಳ್ಳೆಯ ಕ್ಷೇತ್ರ ಸಿಗುವುದು ಕಷ್ಟ. ಯುರೋಪ್ ಮತ್ತು ಅಮೆರಿಕದಲ್ಲಿ ನಡೆದಿರುವ ಅಧ್ಯಯನಗಳಲ್ಲಿ ವಲಸಿಗ ಎಂದರೆ ಬೇರೆ ದೇಶದಿಂದ ಬಂದವನು, ಅಭಿಪ್ರಾಯ ಹೇಳುವವನು ಅಲ್ಲೇ ಹುಟ್ಟಿದವನು. ಇಬ್ಬರೂ ಬೇರೆ ಬೇರೆ. ನಮ್ಮಲ್ಲಿ ಹಾಗಲ್ಲ. ಕಾಲುವೆಯ ಕೊನೆಗೂ ನೀರು ಮುಟ್ಟದ ಹಳ್ಳಿಯಿಂದ ಅರ್ಧ ಊರು ಬೆಂಗಳೂರು, ಪುಣೆ, ಮುಂಬೈ, ಗೋವಾ, ಹೈದರಾಬಾದುಗಳಿಗೆ ಗುಳೆ ಹೋಗುತ್ತದೆ. ಇಪ್ಪತ್ತು ಮೈಲಿ ಆಚೆಗಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರಲು ಬಿಹಾರದಿಂದ ಜನ ಬರುತ್ತಾರೆ. ಹೊರಗಿನವರನ್ನು ಕಂಡು ಅಂಜಿದ ಮನೆಯ ಮಗನನ್ನೇ ಇನ್ನೊಂದು ಊರಿನವರು ಹೊರಗಿನವನೆಂದು ಅಂಜಿ ದೂರವಿಟ್ಟಿರುತ್ತಾರೆ. ಈ ಎರಡು ತುದಿಗಳನ್ನು ಒಂದೇ ಮನೆಯಲ್ಲಿ, ಒಂದೇ ಸಂದರ್ಶನದಲ್ಲಿ ಕೇಳದ ಅಧ್ಯಯನ ಈ ಭಾಗದ ಮಟ್ಟಿಗೆ ಅರ್ಧ ಅಧ್ಯಯನ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೆ ಹೇಳುವ ಪ್ರತಿಯೊಂದು ಹಂತವೂ ಅದರ ಸುತ್ತಲೇ ಇದೆ.

ಪ್ರಶ್ನೆಯನ್ನು ಮೂರಾಗಿ ಬಿಡಿಸಿಕೊಳ್ಳಿ

‘ಕೊರೊನಾ ನಂತರ ವಲಸಿಗರ ಮೇಲಿನ ದ್ವೇಷ ಹೆಚ್ಚಾಯಿತೇ?’ ಎಂಬ ಒಂದೇ ಪ್ರಶ್ನೆಯೊಂದಿಗೆ ಹೊರಟರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಅದರಲ್ಲಿ ಮೂರು ಬೇರೆ ಸಂಗತಿಗಳು ಗಂಟುಬಿದ್ದಿವೆ. ಮೊದಲನೆಯದು ರೋಗಭಯ, ಅಂದರೆ ಈ ಮನುಷ್ಯನಿಂದ ನನಗೆ ಜಡ್ಡು ಅಂಟೀತು ಎಂಬ ಅಳುಕು. ಎರಡನೆಯದು ವಿಷಯಕ್ಕೆ ಜನ ಕೊಡುವ ಪ್ರಾಮುಖ್ಯ. ಊರಿನ ದೊಡ್ಡ ಸಮಸ್ಯೆಗಳಾವುವು ಎಂದು ಕೇಳಿದಾಗ ವಲಸೆಯ ಮಾತು ತಾನಾಗಿ ಬಾಯಿಗೆ ಬರುತ್ತದೆಯೇ ಎಂಬುದು. ಮೂರನೆಯದು ನೆಲೆನಿಂತ ನಿಲುವು, ಅಂದರೆ ಇವರು ಇಲ್ಲಿ ದುಡಿಯಬಹುದೇ, ಮನೆ ಮಾಡಬಹುದೇ, ಪಡಿತರ ಪಡೆಯಬಹುದೇ, ಓಟು ಹಾಕಬಹುದೇ ಎಂಬುದರ ಬಗ್ಗೆ ವರ್ಷಾನುಗಟ್ಟಲೆ ಇರುವ ಅಭಿಪ್ರಾಯ. ಬಿಕ್ಕಟ್ಟಿನ ದಿನಗಳಲ್ಲಿ ಮೊದಲನೆಯದು ಸರ್ರನೆ ಏರುತ್ತದೆ. ಅದೇ ಹೊತ್ತಿಗೆ ಎರಡನೆಯದು ಇಳಿಯಬಹುದು, ಮೂರನೆಯದು ಅಲುಗಾಡದೆಯೂ ಇರಬಹುದು.

ಇದು ಬರೀ ಊಹೆಯಲ್ಲ. ಬ್ರಿಟನ್ನಿನಲ್ಲಿ ಐರೋಪ್ಯ ಒಕ್ಕೂಟವನ್ನು ಬಿಡಬೇಕೇ ಎಂಬ 2016ರ ಜನಮತಗಣನೆಯ ಹೊತ್ತಿಗೆ ವಲಸೆಯು ದೇಶದ ಮುಖ್ಯ ಸಮಸ್ಯೆಗಳ ಪಟ್ಟಿಯ ತುದಿಯಲ್ಲಿತ್ತು. 2020ರಲ್ಲಿ ರೋಗ ಮತ್ತು ಆರ್ಥಿಕತೆಯ ಚಿಂತೆಯ ಮುಂದೆ ಅದು ಬಹಳ ಕೆಳಗಿಳಿದಿತ್ತು. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ ‘ವಲಸೆ ಹೆಚ್ಚಬೇಕೇ, ಕಡಿಮೆಯಾಗಬೇಕೇ, ಇದ್ದಷ್ಟೇ ಇರಬೇಕೇ’ ಎಂಬ ಒಂದೇ ಪ್ರಶ್ನೆಯನ್ನು 1965ರಿಂದ ಕೇಳುತ್ತ ಬಂದಿದೆ. ಸಾಂಕ್ರಾಮಿಕದ ನಟ್ಟನಡುವೆ, 2020ರ ಬೇಸಿಗೆಯಲ್ಲಿ, ಹೆಚ್ಚಬೇಕು ಎಂದವರು ಶೇಕಡ 34, ಕಡಿಮೆಯಾಗಬೇಕು ಎಂದವರು ಶೇಕಡ 28. ಹೆಚ್ಚಬೇಕೆಂದವರ ಸಂಖ್ಯೆ ಮೇಲಾದದ್ದು ಆ ಪ್ರಶ್ನೆಯ ಇತಿಹಾಸದಲ್ಲೇ ಅದು ಮೊದಲ ಸಲ. ಆದರೆ 2024ಕ್ಕೆ ಕಡಿಮೆಯಾಗಬೇಕು ಎನ್ನುವವರು ಶೇಕಡ 55ಕ್ಕೆ ಏರಿದರು, 2025ರಲ್ಲಿ ಮತ್ತೆ ಶೇಕಡ 30ಕ್ಕೆ ಇಳಿದರು. ರೋಗ ಬಂದಾಗ ದ್ವೇಷ ಏರುತ್ತದೆ, ಹೋದಾಗ ಇಳಿಯುತ್ತದೆ ಎಂಬ ಸರಳ ಲೆಕ್ಕಕ್ಕೆ ಈ ಅಂಕಿಗಳು ಒಗ್ಗುವುದಿಲ್ಲ. ರೋಗ ತಗ್ಗಿದ ಮೇಲಿನ ಏರಿಳಿತಕ್ಕೆ ಗಡಿಯಲ್ಲಿನ ಜನಸಂದಣಿ, ಚುನಾವಣೆಯ ಪ್ರಚಾರ ಮುಂತಾದ ಬೇರೆ ಕಾರಣಗಳನ್ನೇ ಹುಡುಕಬೇಕಾಗುತ್ತದೆ.

ಇದರ ಎದುರಿಗೆ ಮನೋವಿಜ್ಞಾನಿಗಳ ಒಂದು ವಾದವಿದೆ. ರೋಗದ ಸುಳಿವು ಕಂಡರೆ ಅಪರಿಚಿತರಿಂದ ದೂರ ಸರಿಯುವ ಸ್ವಭಾವ ಮನುಷ್ಯನಲ್ಲಿ ಬೇರೂರಿದೆ ಎಂಬುದು ಆ ವಾದ. 2004ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳಲ್ಲಿ, ರೋಗಾಣುಗಳ ಚಿತ್ರಗಳನ್ನು ನೋಡಿದವರು ತಮಗೆ ಪರಿಚಯವಿಲ್ಲದ ದೇಶಗಳಿಂದ ಬರುವವರ ವಿಷಯದಲ್ಲಿ ಹೆಚ್ಚು ಹಿಂಜರಿದರು. ಈ ವಾದವನ್ನು ತಳ್ಳಿಹಾಕಬೇಕಿಲ್ಲ. ಆದರೆ ಅದು ವಿವರಿಸುವುದು ಮೊದಲನೆಯ ಎಳೆಯನ್ನು, ಅಂದರೆ ಆ ಗಳಿಗೆಯ ಅಳುಕನ್ನು. ಆ ಅಳುಕು ನೆಲೆನಿಂತ ನಿಲುವಾಗಿ ಗಟ್ಟಿಯಾಗುತ್ತದೆಯೇ ಇಲ್ಲವೇ ಎಂಬುದನ್ನು ಅಧಿಕಾರಸ್ಥರು ರೋಗಕ್ಕೆ ಯಾರ ಹೆಸರು ಅಂಟಿಸಿದರು ಎಂಬುದು ಬಹುಮಟ್ಟಿಗೆ ತೀರ್ಮಾನಿಸುತ್ತದೆ. 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಪ್ಲೇಗಿನ ಶಂಕೆ ಬಂದಾಗ ಚೀನೀಯರ ಕೇರಿಯನ್ನು ಹಗ್ಗ ಕಟ್ಟಿ ಮುಚ್ಚಿದ್ದನ್ನೂ, ರೋಗಗಳಿಗೆ ಊರು, ದೇಶ, ಜನಾಂಗಗಳ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದ್ದನ್ನೂ ಒಟ್ಟಿಗಿಟ್ಟು ಓದಿಕೊಳ್ಳಿ.

ಹೊರಗಿನವರು ಯಾರೆಂದು ಊರನ್ನೇ ಕೇಳಿ

ಪ್ರಶ್ನಾವಳಿ ಬರೆಯುವ ಮುನ್ನ ಆಯ್ದ ಊರಿನಲ್ಲಿ ಯಾರನ್ನು ಹೊರಗಿನವರೆಂದು ಎಣಿಸುತ್ತಾರೆ ಎಂಬ ಪಟ್ಟಿ ಮಾಡಿಕೊಳ್ಳಬೇಕು. ಜನಗಣತಿಯ ಲೆಕ್ಕವನ್ನು ನೆಚ್ಚಿಕೊಂಡರೆ ಕೆಲಸ ಕೆಡುತ್ತದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 45 ಕೋಟಿಗೂ ಹೆಚ್ಚು ವಲಸಿಗರಿದ್ದರು, ಆದರೆ ಅವರಲ್ಲಿ ಬಹುದೊಡ್ಡ ಪಾಲು ಮದುವೆಯಾಗಿ ಗಂಡನ ಊರಿಗೆ ಬಂದ ಹೆಣ್ಣುಮಕ್ಕಳದು. ಸೊಸೆಯನ್ನು ಯಾವ ಊರೂ ಆ ಅರ್ಥದಲ್ಲಿ ಹೊರಗಿನವಳು ಎನ್ನುವುದಿಲ್ಲ.

ಈ ಮೂರು ಜಿಲ್ಲೆಗಳ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ಹಿಡಿದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದು, ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಭಾಗದಲ್ಲಿ ಜಮೀನು ಕೊಂಡು ಭತ್ತ ಬೆಳೆದ ಕುಟುಂಬಗಳಿವೆ. ಅವರ ನೆಲೆಗಳ ಹೆಸರಿನ ಕೊನೆಗೆ ಇಂದಿಗೂ ‘ಕ್ಯಾಂಪ್’ ಎಂದಿದೆ. ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ, ಅಂದರೆ ಪುನರ್ವಸತಿ ಕ್ಯಾಂಪುಗಳಲ್ಲಿ, ಪೂರ್ವ ಬಂಗಾಳದಿಂದ (ಇಂದಿನ ಬಾಂಗ್ಲಾದೇಶ) ನಿರಾಶ್ರಿತರಾಗಿ ಬಂದ ಬಂಗಾಲಿ ಕುಟುಂಬಗಳ ಎರಡನೆಯ, ಮೂರನೆಯ ತಲೆಮಾರಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ, ಕೊಪ್ಪಳ ಮತ್ತು ಗಿಣಿಗೇರಿ ಕಡೆಯ ಮೆದುಕಬ್ಬಿಣದ ಘಟಕಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ ಹಿಂದಿ ಮತ್ತು ಒಡಿಯಾ ಮಾತಾಡುವ ಕಾರ್ಮಿಕರಿದ್ದಾರೆ. ಪೇಟೆಯಲ್ಲಿ ರಾಜಸ್ಥಾನದ ವ್ಯಾಪಾರಿಗಳೂ ಪಾನಿಪುರಿ ಗಾಡಿಯವರೂ ಇದ್ದಾರೆ. ಕಡೆಯದಾಗಿ, ಸಾಮಾನ್ಯ ಕಾಲದಲ್ಲಿ ಪಟ್ಟಿಗೆ ಸೇರದೆ 2020ರಲ್ಲಿ ಮಾತ್ರ ಸೇರಿಕೊಂಡವರೊಬ್ಬರಿದ್ದಾರೆ: ಗುಳೆ ಹೋಗಿ ಮರಳಿದ ತಮ್ಮೂರಿನವರೇ.

ಆ ಕೊನೆಯ ಗುಂಪನ್ನು ಬಿಟ್ಟರೆ ಅಧ್ಯಯನದ ಜೀವವೇ ಹೋಗುತ್ತದೆ. 2020ರ ಮೇ ತಿಂಗಳಲ್ಲಿ ರಾಜ್ಯದ ದೈನಂದಿನ ಆರೋಗ್ಯ ವರದಿಯಲ್ಲಿ ಪ್ರತಿಯೊಬ್ಬ ಸೋಂಕಿತರಿಗೂ ‘ಪಿ’ ಅಕ್ಷರದೊಂದಿಗೆ ಒಂದು ಸಂಖ್ಯೆ, ವಯಸ್ಸು, ಜಿಲ್ಲೆ, ಅದರ ಮುಂದೆ ಪ್ರಯಾಣದ ಹಿನ್ನೆಲೆ ಇರುತ್ತಿತ್ತು. ಪುಟಗಟ್ಟಲೆ ‘ಮಹಾರಾಷ್ಟ್ರದಿಂದ ವಾಪಸ್’ ಎಂದೇ ಬರುತ್ತಿತ್ತು. ಮೇ 18ರಂದು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು ಮತ್ತು ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದು ಸರಕಾರ ತೀರ್ಮಾನಿಸಿತು. ಆಗ ಗಡಿಯಲ್ಲಿ ನಿಂತವರಲ್ಲಿ ಅನೇಕರು ಇಲ್ಲಿಯ ಪಡಿತರ ಚೀಟಿ ಇದ್ದವರು, ಕನ್ನಡ ಮಾತಾಡುವವರು. ಹುಟ್ಟಿನಿಂದ ಹೊರಗಿನವನಲ್ಲದವನು ಬಂದ ದಾರಿಯಿಂದ ಹೊರಗಿನವನಾದ. ರೋಗದ ಕಾಲದ ಭಯ ಜಾತಿ, ಭಾಷೆ, ಹುಟ್ಟೂರುಗಳ ಗೆರೆಯನ್ನು ಅನುಸರಿಸುತ್ತದೆಯೋ, ರಸ್ತೆಯ ಗೆರೆಯನ್ನೋ ಎಂಬುದನ್ನು ಬೇರ್ಪಡಿಸಿ ನೋಡಲು ಇದಕ್ಕಿಂತ ಸ್ಪಷ್ಟವಾದ ಸಂದರ್ಭ ಮತ್ತೊಂದಿಲ್ಲ.

ಇದೇ ತಿಂಗಳ ಮೊದಲ ವಾರದ ಇನ್ನೊಂದು ಘಟನೆಯನ್ನೂ ಹಿನ್ನೆಲೆಯಲ್ಲಿಟ್ಟುಕೊಳ್ಳಿ. ಹೊರ ರಾಜ್ಯದ ಕಾರ್ಮಿಕರು ಊರಿಗೆ ಹೋಗಲು ಕೋರಲಾಗಿದ್ದ ಶ್ರಮಿಕ ರೈಲುಗಳನ್ನು ಕಟ್ಟಡ ನಿರ್ಮಾಣ ಉದ್ಯಮಿಗಳೊಂದಿಗಿನ ಸಭೆಯ ಬೆನ್ನಿಗೇ ರಾಜ್ಯ ಸರಕಾರ ಬೇಡವೆಂದಿತು. ಟೀಕೆ ಬಂದ ಮೇಲೆ ಮತ್ತೆ ಬೇಕೆಂದಿತು. ಬರುವವನಿಗೆ ಬೇಲಿ, ಹೋಗುವವನಿಗೆ ತಡೆ, ಎರಡೂ ಒಂದೇ ತಿಂಗಳಲ್ಲಿ. ಹೊರಗಿನವರ ದುಡಿಮೆ ಬೇಕು, ಅವರ ವಾಸ ಬೇಡ ಎಂಬ ಇಬ್ಬಗೆಯ ನಿಲುವು ಉತ್ತರಗಳಲ್ಲಿಯೂ ಮತ್ತೆ ಮತ್ತೆ ಬರುತ್ತದೆ. ಆದ್ದರಿಂದ ದುಡಿಮೆಯ ಪ್ರಶ್ನೆಯನ್ನೂ ವಾಸದ ಪ್ರಶ್ನೆಯನ್ನೂ ಎಂದಿಗೂ ಒಂದೇ ವಾಕ್ಯದಲ್ಲಿ ಕೇಳಬೇಡಿ.

‘ಮೊದಲು’ ಎಂಬುದನ್ನು ಎಲ್ಲಿಂದ ತರುವುದು

ಬದಲಾವಣೆಯನ್ನು ಅಳೆಯಲು ಎರಡು ಬಿಂದುಗಳು ಬೇಕು. ನಮ್ಮ ಹಳ್ಳಿಗಳಲ್ಲಿ 2019ರಲ್ಲಿ ಯಾರೂ ಈ ಪ್ರಶ್ನೆ ಕೇಳಿ ಬರೆದಿಟ್ಟಿಲ್ಲ. ಈಗ ಹೋಗಿ ‘ಆಗ ನಿಮಗೆ ಏನನ್ನಿಸುತ್ತಿತ್ತು’ ಎಂದರೆ ಜನ ಇಂದಿನ ಮನಸ್ಸಿನಿಂದಲೇ ಅಂದಿನದನ್ನು ಕಟ್ಟಿ ಹೇಳುತ್ತಾರೆ. ಇದರಲ್ಲಿ ಸುಳ್ಳು ಹೇಳುವ ಉದ್ದೇಶವೇನಿಲ್ಲ, ನೆನಪು ಇರುವುದೇ ಹಾಗೆ. ಈ ಕೊರತೆಯನ್ನು ಎರಡು ದಾರಿಗಳಿಂದ ಸ್ವಲ್ಪಮಟ್ಟಿಗೆ ತುಂಬಬಹುದು.

ಮೊದಲ ದಾರಿ ಭಾವನೆಯನ್ನು ಬಿಟ್ಟು ಕ್ರಿಯೆಯನ್ನು ಕೇಳುವುದು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಅನೇಕ ಹಳ್ಳಿಗಳ ದಾರಿಗೆ ಜಾಲಿಮುಳ್ಳಿನ ಬೇಲಿ ಬಿತ್ತು, ಕೆಲವೆಡೆ ಡಂಗುರ ಸಾರಿ ದಂಡ ವಿಧಿಸಿದರು. ಆ ಬೇಲಿಯನ್ನೇ ಹಿಡಿದು ಪ್ರಶ್ನೆ ಕೇಳಿ: ಯಾರು ಹಾಕಿದರು? ಯಾರ ಮಾತಿನ ಮೇಲೆ? ಎಷ್ಟು ದಿನ ಇತ್ತು? ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಬಂದಾಗ ಅದನ್ನು ಸರಿಸಿದರು? ಹಾಲಿನವನಿಗೆ ಸರಿಸಿದರೇ, ಭತ್ತದ ಲಾರಿಗೆ ಸರಿಸಿದರೇ, ಊರ ಅಳಿಯನಿಗೆ ಸರಿಸಿದರೇ, ಕ್ಯಾಂಪಿನ ರೈತನಿಗೆ ಸರಿಸಿದರೇ, ಮುಂಬೈಯಿಂದ ನಡುರಾತ್ರಿ ಬಂದಿಳಿದ ಬಾಣಂತಿಗೆ ಸರಿಸಿದರೇ? ‘ನಿಮಗೆ ವಲಸಿಗರ ಬಗ್ಗೆ ಎಷ್ಟು ನಂಬಿಕೆ’ ಎಂಬ ಐದು ಮೆಟ್ಟಿಲಿನ ಮಾಪಕಕ್ಕಿಂತ ಈ ಒಂದು ಪ್ರಶ್ನೆಯ ಉತ್ತರ ಹೆಚ್ಚು ಹೇಳುತ್ತದೆ. ಜನರಿಗೆ ಇದು ಚೆನ್ನಾಗಿ ನೆನಪಿರುತ್ತದೆ, ಹೇಳಲು ಸಂಕೋಚವೂ ಇರುವುದಿಲ್ಲ. ‘ಆವಾಗ ಯಾರನ್ನೂ ಊರಾಗ ಬಿಟ್ಟುಕೊಂಡಿಲ್ಲ ನೋಡ್ರಿ, ನನ್ನ ಮಗ ಬಂದ್ರೂ ಸಾಲ್ಯಾಗ ಹದಿನಾಲ್ಕು ದಿನ ಇಟ್ಟಿದ್ರು’ ಎನ್ನುವಂಥ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸದೆ, ಆ ಹದಿನಾಲ್ಕು ದಿನ ಬುತ್ತಿ ಯಾರು ಒಯ್ದರು, ಪಾತ್ರೆ ಯಾರು ತೊಳೆದರು ಎಂದು ಕೇಳಿ.

ಎರಡನೆಯ ದಾರಿ ದಾಖಲೆಗಳದು. ಪತ್ರಿಕೆಗಳ ಜಿಲ್ಲಾ ಪುಟಗಳು ಮೊದಲ ಆಕರ. 2019ರಿಂದ 2022ರವರೆಗಿನ ನಾಲ್ಕು ವರ್ಷಗಳಲ್ಲಿ ಪ್ರತಿ ತಿಂಗಳ ಒಂದೇ ವಾರವನ್ನು ಆರಿಸಿ, ವಲಸೆಯ ಸುದ್ದಿ ಎಷ್ಟು, ಅದರಲ್ಲಿ ರೋಗದ ಮಾತಿರುವುದೆಷ್ಟು, ಕೂಲಿಯ ಮಾತಿರುವುದೆಷ್ಟು, ಅಪರಾಧದ ಮಾತಿರುವುದೆಷ್ಟು ಎಂದು ಎಣಿಸಿ. ಇದರಿಂದ ಪ್ರಾಮುಖ್ಯದ ಏರಿಳಿತ ತಕ್ಕಮಟ್ಟಿಗೆ ಸಿಗುತ್ತದೆ. ಗ್ರಾಮ ಪಂಚಾಯಿತಿಯ ಠರಾವು ಪುಸ್ತಕವನ್ನು ಮಾಹಿತಿ ಹಕ್ಕಿನಡಿ ನೋಡಬಹುದು, ಆದರೆ ಅಲ್ಲೊಂದು ತೊಡಕಿದೆ. ಬಹುತೇಕ ಪಂಚಾಯಿತಿಗಳ ಅವಧಿ 2020ರ ನಡುವೆಯೇ ಮುಗಿದು, ಡಿಸೆಂಬರಿನಲ್ಲಿ ಚುನಾವಣೆ ಆಗುವವರೆಗೆ ಆಡಳಿತಾಧಿಕಾರಿಗಳೇ ನಡೆಸಿದರು. ಹಾಗಾಗಿ ಆ ತಿಂಗಳುಗಳ ಪುಸ್ತಕದಲ್ಲಿ ಊರಿನ ದನಿ ಕೇಳದೆ ಬರೀ ಸುತ್ತೋಲೆಯ ಭಾಷೆ ಕಂಡರೆ ಜನ ಮೌನವಾಗಿದ್ದರೆಂದು ತಿಳಿಯಬಾರದು. ಉದ್ಯೋಗ ಖಾತ್ರಿಯ ಕಡತಗಳೂ ಉಪಯೋಗಕ್ಕೆ ಬರುತ್ತವೆ. 2020-21ರಲ್ಲಿ ಕರ್ನಾಟಕದ ದಿನಗೂಲಿ 275 ರೂಪಾಯಿ ಇತ್ತು, ಮರಳಿ ಬಂದವರೂ ಊರಲ್ಲೇ ಇದ್ದವರೂ ಅದೇ ಕೆರೆಯ ಹೂಳೆತ್ತಲು ಸಾಲುಗಟ್ಟಿದರು. ದೇಶದಾದ್ಯಂತ ಆ ವರ್ಷ ಸುಮಾರು 389 ಕೋಟಿ ಮಾನವ ದಿನಗಳ ಕೆಲಸವಾಯಿತು. ಮರಳಿದವರೊಡನೆ ತಕರಾರು ಎದ್ದದ್ದು ಜಡ್ಡಿನ ಕಾರಣದಿಂದಲೋ ಕೆಲಸದ ಕಾರಣದಿಂದಲೋ ಎಂಬುದನ್ನು ಹಾಜರಿ ಪಟ್ಟಿಯ ದಿನಾಂಕಗಳನ್ನು ಜಗಳದ ದಿನಾಂಕಗಳ ಪಕ್ಕದಲ್ಲಿಟ್ಟು ನೋಡಬಹುದು.

ಜಿಲ್ಲೆಯ ಮಟ್ಟದ ಅಂಕಿಗಳನ್ನು ಹೋಲಿಸುವವರು ಒಂದು ಎಚ್ಚರ ವಹಿಸಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಕೊಟ್ಟೂರು, ಹರಪನಹಳ್ಳಿ ಅತ್ತ ಹೋದವು. ಹಳೆಯ ಬಳ್ಳಾರಿಯಲ್ಲಿ ಗುಳೆಗೆ ಹೆಸರಾದ ಕೂಡ್ಲಿಗಿ ಇತ್ತು, ಇಂದಿನ ಬಳ್ಳಾರಿಯಲ್ಲಿ ಇಲ್ಲ. ಇದನ್ನು ಮರೆತು 2011ರ ಬಳ್ಳಾರಿಯನ್ನು ಇಂದಿನ ಬಳ್ಳಾರಿಯೊಂದಿಗೆ ಹೋಲಿಸಿದರೆ ನಕ್ಷೆಯ ಬದಲಾವಣೆಯೇ ಜನರ ಬದಲಾವಣೆಯಾಗಿ ಕಾಣುತ್ತದೆ.

ರೋಗದ ಜೊತೆಗೇ ನಡೆದ ಬೇರೆ ಸಂಗತಿಗಳು

ಕಂಡ ಬದಲಾವಣೆಯನ್ನೆಲ್ಲ ರೋಗದ ತಲೆಗೆ ಕಟ್ಟುವಂತಿಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಗೆ 2019ರ ಡಿಸೆಂಬರಿನಲ್ಲಿ ಅಂಕಿತ ಬಿತ್ತು. ಅದರ ಗದ್ದಲ ಇಳಿಯುವ ಮುನ್ನವೇ ಸಾಂಕ್ರಾಮಿಕ ಬಂತು. ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದದ್ದು 2020ರ ಮಾರ್ಚ್ 11ರಂದು. ಕಾಯ್ದೆಯ ನಿಯಮಗಳು ಹೊರಬಿದ್ದದ್ದು ನಾಲ್ಕು ವರ್ಷಗಳ ನಂತರ ಅದೇ ಮಾರ್ಚ್ 11ರಂದು. ಸಿಂಧನೂರಿನ ಕ್ಯಾಂಪುಗಳ ಬಗ್ಗೆ 2024ರ ನಂತರ ಕೇಳುವ ಯಾವ ಉತ್ತರದಲ್ಲೂ ಪೌರತ್ವದ ಮಾತು ಬೆರೆತಿರುತ್ತದೆ. 2020ರ ಏಪ್ರಿಲಿನಲ್ಲಿ ದೆಹಲಿಯ ಧಾರ್ಮಿಕ ಸಭೆಯೊಂದರ ಸುದ್ದಿಯ ನಂತರ ರೋಗಕ್ಕೆ ಒಂದು ಸಮುದಾಯದ ಬಣ್ಣ ಬಳಿಯಲಾಯಿತು. ಆ ಕಾಲದ ಕಹಿಯಲ್ಲಿ ವಲಸೆಯ ಪಾಲೆಷ್ಟು, ಧರ್ಮದ ಪಾಲೆಷ್ಟು ಎಂದು ಬೇರ್ಪಡಿಸಲು ಪ್ರಶ್ನಾವಳಿಯಲ್ಲೇ ಅವಕಾಶ ಇರಬೇಕು.

ಎರಡು ಅಲೆಗಳನ್ನು ಒಂದೇ ‘ಕೊರೊನಾ ಕಾಲ’ ಎಂದು ಕರೆಯುವುದನ್ನೂ ಬಿಡಬೇಕು. 2020ರ ಜೂನ್‌ನಲ್ಲಿ ತೋರಣಗಲ್ಲು ಸೋಂಕಿನ ಕೇಂದ್ರವೆಂದು ಹೆಸರಾಗಿ ಸುತ್ತಲ ಹಳ್ಳಿಗಳವರು ಕಾರ್ಖಾನೆಯ ಕಾರ್ಮಿಕರನ್ನು ಕಂಡು ಅಂಜುವಂತಾಯಿತು. 2021ರ ಮೇ ತಿಂಗಳಲ್ಲಿ ಅದೇ ತೋರಣಗಲ್ಲಿನಲ್ಲಿ ಕಾರ್ಖಾನೆಯ ಆಮ್ಲಜನಕವನ್ನೇ ಬಳಸುವ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ತೆರೆಯಿತು. ಆಮ್ಲಜನಕದ ಟ್ಯಾಂಕರುಗಳು ಬಳ್ಳಾರಿಯಿಂದ ಬೇರೆಡೆಗೆ ಹೊರಟವು. ಮೊದಲನೆಯ ಅಲೆಯಲ್ಲಿ ‘ಅವರಿಂದ ಬಂತು’ ಎನ್ನುತ್ತಿದ್ದ ರೋಗ ಎರಡನೆಯ ಅಲೆಯಲ್ಲಿ ಊರೊಳಗಿಂದಲೇ ಹಬ್ಬಿತ್ತು, ಬೆರಳು ತೋರಿಸಲು ಹೊರಗಿನವರು ಬೇಕಾಗಿರಲಿಲ್ಲ. ಪ್ರಶ್ನೆಗಳನ್ನು ‘ಮೊದಲನೆ ಲಾಕ್‌ಡೌನ್‌ನಾಗ’, ‘ಆಕ್ಸಿಜನ್ ಸಿಗಲಾರದಾಗ’ ಎಂದು ಬೇರೆ ಬೇರೆ ಗುರುತುಗಳಿಗೆ ಕಟ್ಟಿ ಕೇಳಿ.

ಈಗಿನ ಮನಸ್ಸನ್ನು ಅಳೆಯುವ ಪ್ರಶ್ನೆ

ನೇರವಾಗಿ ಕೇಳಿದರೆ ಈ ಭಾಗದ ಜನ ‘ಎಲ್ಲಾರೂ ನಮ್ಮೋರೇ ಬಿಡ್ರಿ’ ಎನ್ನುತ್ತಾರೆ. ಅತಿಥಿಯ ಮುಂದೆ ಕಟು ಮಾತಾಡಬಾರದೆಂಬ ಸೌಜನ್ಯ ಅದು. ಅದನ್ನು ಉತ್ತರವೆಂದು ಬರೆದುಕೊಳ್ಳಬಾರದು. ಬದಲಿಗೆ ಒಂದು ಪುಟ್ಟ ಸನ್ನಿವೇಶವನ್ನು ಓದಿ ಹೇಳಿ ನಿರ್ಧಾರ ಕೇಳುವುದು ಒಳ್ಳೆಯದು. ಬಾಡಿಗೆ ಮನೆಯ ಸನ್ನಿವೇಶ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅದರಲ್ಲಿ ನೀರು, ಬಚ್ಚಲು, ಒಂದೇ ಗೋಡೆ ಎಲ್ಲವೂ ಬರುತ್ತವೆ. ‘24 ವರ್ಷದ ಹುಡುಗನೊಬ್ಬ ನಿಮ್ಮ ಪಕ್ಕದ ಕೋಣೆಯನ್ನು ಬಾಡಿಗೆಗೆ ಕೇಳುತ್ತಾನೆ. ಅವನು ಬಿಹಾರದವನು, ಇಲ್ಲಿ ಗಿರಣಿಯಲ್ಲಿ ಕೆಲಸ.’ ಇದು ಒಂದು ಚೀಟಿ. ಇನ್ನೊಂದರಲ್ಲಿ ಅವನು ಇದೇ ತಾಲೂಕಿನವನು, ಮುಂಬೈಯಲ್ಲಿ ಐದು ವರ್ಷವಿದ್ದು ಮೊನ್ನೆ ಬಂದವನು. ಈ ಎರಡಕ್ಕೂ ‘ಅವನಿಗೆ ಸ್ವಲ್ಪ ಕೆಮ್ಮು ಇದೆ’ ಎಂಬ ವಾಕ್ಯ ಇರುವ ಮತ್ತು ಇಲ್ಲದ ರೂಪ ಮಾಡಿದರೆ ನಾಲ್ಕು ಚೀಟಿಗಳಾದವು. ಚೀಟಿಗಳನ್ನು ಕಲಸಿಟ್ಟು, ಪ್ರತಿ ಮನೆಯಲ್ಲಿ ಒಂದನ್ನು ಮಾತ್ರ ತೆಗೆದು ಓದಬೇಕು. ಮನೆ ನೋಡಿ ಚೀಟಿ ಆರಿಸುವಂತಿಲ್ಲ. ಕೆಮ್ಮಿನ ಪರಿಣಾಮ ಬಿಹಾರದವನ ಮೇಲೆ ಹೆಚ್ಚಾಗಿ, ಊರ ಹುಡುಗನ ಮೇಲೆ ಕಡಿಮೆಯಾಗಿ ಬಿದ್ದರೆ ರೋಗಭಯ ಪರಕೀಯತೆಯೊಂದಿಗೆ ಬೆಸೆದಿದೆ ಎಂದರ್ಥ. ಇಬ್ಬರ ಮೇಲೂ ಸಮನಾಗಿ ಬಿದ್ದರೆ ಅದು ಬರೀ ಕೆಮ್ಮಿನ ಭಯ.

ಗೌಪ್ಯ ಅಭಿಪ್ರಾಯ ತೆಗೆಯಲು ಪಟ್ಟಿಯ ಪ್ರಯೋಗ ಎಂಬ ವಿಧಾನವೊಂದಿದೆ: ಅರ್ಧ ಜನರಿಗೆ ನಾಲ್ಕು ಹೇಳಿಕೆ, ಉಳಿದವರಿಗೆ ಐದು ಹೇಳಿಕೆ ಓದಿ, ಎಷ್ಟಕ್ಕೆ ಒಪ್ಪುತ್ತೀರಿ ಎಂಬ ಸಂಖ್ಯೆಯನ್ನಷ್ಟೇ ಕೇಳುವುದು. ಐದನೆಯದು ಬಾಯಿಬಿಟ್ಟು ಹೇಳಲು ಸಂಕೋಚವಾಗುವ ಹೇಳಿಕೆ. ಎರಡು ಗುಂಪುಗಳ ಸರಾಸರಿಯ ಅಂತರದಿಂದ ಅದನ್ನು ಒಪ್ಪುವವರ ಪಾಲು ತಿಳಿಯುತ್ತದೆ. ಪುಸ್ತಕದಲ್ಲಿ ಸೊಗಸಾಗಿ ಕಾಣುತ್ತದೆ. ಆದರೆ ಅದಕ್ಕೆ ಸಾವಿರಾರು ಜನ ಬೇಕು, ಬಿಸಿಲಲ್ಲಿ ಕುಳಿತ ಅಜ್ಜಿಗೆ ಐದು ಹೇಳಿಕೆ ನೆನಪಿಟ್ಟು ಎಣಿಸಿ ಹೇಳಿ ಎನ್ನುವುದು ಅನ್ಯಾಯ. ಸಣ್ಣ ತಂಡ ಇದನ್ನು ಬಿಡುವುದೇ ಲೇಸು.

ಎರಡು ತುದಿಗಳ ಪ್ರಶ್ನೆಯನ್ನು ಕೊನೆಗಿಡಿ. ‘ನಿಮ್ಮ ಮನೆಯಿಂದ ಯಾರಾದರೂ ಗುಳೆ ಹೋಗಿದ್ದರೇ? ಲಾಕ್‌ಡೌನಿನಲ್ಲಿ ಅಲ್ಲಿಯ ಮಾಲೀಕರು, ನೆರೆಯವರು ಹೇಗೆ ನಡೆಸಿಕೊಂಡರು?’ ಎಂದು ಮೊದಲೇ ಕೇಳಿದರೆ ಮನಸ್ಸು ಕರಗಿ, ಆಮೇಲಿನ ಉತ್ತರಗಳೆಲ್ಲ ಮೃದುವಾಗುತ್ತವೆ. ಅದನ್ನೇ ಪರೀಕ್ಷಿಸಬೇಕೆಂದಿದ್ದರೆ ಅರ್ಧ ಮನೆಗಳಲ್ಲಿ ಮೊದಲು, ಅರ್ಧ ಮನೆಗಳಲ್ಲಿ ಕೊನೆಗೆ ಕೇಳಿ. ಆ ವ್ಯತ್ಯಾಸವೇ ಒಂದು ಅಧ್ಯಾಯವಾಗುತ್ತದೆ.

ಎಷ್ಟು ಜನ, ಯಾವ ತಿಂಗಳು, ಯಾರು ಕೇಳಬೇಕು

400 ಜನರನ್ನು ಸರಿಯಾಗಿ ಆರಿಸಿ ಕೇಳಿದರೆ ಒಂದು ಶೇಕಡಾವಾರು ಉತ್ತರ ಐದು ಅಂಶ ಆಚೀಚೆ ಇರುತ್ತದೆ. ಎರಡು ವರ್ಷಗಳ ಎರಡು ಸಮೀಕ್ಷೆಗಳನ್ನು ಹೋಲಿಸುವಾಗ ಏಳು ಅಂಶಕ್ಕಿಂತ ಕಡಿಮೆ ವ್ಯತ್ಯಾಸವನ್ನು ಬದಲಾವಣೆ ಎನ್ನಬಾರದು. ಹತ್ತಾರು ಹಳ್ಳಿಗಳಿಂದ ಗುಂಪುಗುಂಪಾಗಿ ಮನೆಗಳನ್ನು ಆರಿಸಿದ್ದರೆ ಹತ್ತು ಅಂಶದವರೆಗೂ ಅನುಮಾನಿಸಬೇಕು. ಚೀಟಿಯ ಪ್ರಯೋಗದಲ್ಲಿ 200 ಜನರನ್ನು ಇನ್ನು 200 ಜನರೊಂದಿಗೆ ಹೋಲಿಸುವುದರಿಂದ ಅಲ್ಲಿಯೂ ಹತ್ತು ಅಂಶದ ಮಿತಿ ಅನ್ವಯಿಸುತ್ತದೆ. ಕೆಮ್ಮಿನ ಪರಿಣಾಮ ಇಬ್ಬರ ಮೇಲೆ ಬೇರೆ ಬೇರೆಯೇ ಎಂದು ನೋಡುವಾಗ ಗುಂಪುಗಳು ನೂರಕ್ಕೆ ಇಳಿದು ಮಿತಿ ಇನ್ನೂ ಹಿಗ್ಗುವುದರಿಂದ, ಅಲ್ಲಿ ದೊಡ್ಡ ಅಂತರ ಕಂಡರೆ ಮಾತ್ರ ಮಾತಾಡಬೇಕು.

ತಿಂಗಳ ಆಯ್ಕೆ ಸಂಖ್ಯೆಯಷ್ಟೇ ಮುಖ್ಯ. ಮಳೆಯಾಶ್ರಿತ ಊರುಗಳಲ್ಲಿ ದೀಪಾವಳಿ ಕಳೆದು ಸುಗ್ಗಿ ಮುಗಿದ ಮೇಲೆ ಜನ ಗುಳೆ ಹೊರಡುತ್ತಾರೆ, ಯುಗಾದಿಗೋ ಜಾತ್ರೆಗೋ ಬಂದು ಹೋಗುತ್ತಾರೆ, ಮುಂಗಾರಿನ ಹೊತ್ತಿಗೆ ಮರಳುತ್ತಾರೆ. ಫೆಬ್ರುವರಿಯಲ್ಲಿ ಹೋದರೆ ಸಿಗುವುದು ಬೀಗ ಹಾಕಿದ ಮನೆಗಳು ಮತ್ತು ಮುದುಕರು. ಮನೆ ಬೀಗ ಹಾಕಿದೆ ಎಂದು ಪಕ್ಕದ ಮನೆಗೆ ನಡೆದರೆ ಗುಳೆ ಹೋದವರ ಅಭಿಪ್ರಾಯವನ್ನೇ ಅಧ್ಯಯನದಿಂದ ತೆಗೆದುಹಾಕಿದಂತೆ. ಜುಲೈ ಕೊನೆಯಲ್ಲಿ ಕಾಲುವೆ ಸೀಮೆಯಲ್ಲಿ ನಾಟಿ ಜೋರಾಗಿರುತ್ತದೆ, ಕೂಲಿಯವರು ಎಷ್ಟಿದ್ದರೂ ಸಾಲರು. ಆಗ ಹೊರಗಿನವರ ಬಗ್ಗೆ ಎಲ್ಲರೂ ಉದಾರಿಗಳು. ಎರಡು ಸುತ್ತು ಮಾಡುವುದಾದರೆ ಎರಡನ್ನೂ ವರ್ಷದ ಒಂದೇ ತಿಂಗಳಲ್ಲಿ ಮಾಡಿ. ಜೂನ್ ಮೊದಲ ಎರಡು ವಾರ ನನ್ನ ಆಯ್ಕೆ.

ಮತದಾರರ ಪಟ್ಟಿಯಿಂದ ಹೆಸರು ಆರಿಸುವುದು ಸುಲಭ, ಆದರೆ ಗಿರಣಿ, ಕಾರ್ಖಾನೆಗಳ ಕಾರ್ಮಿಕರ ಹೆಸರು ಅದರಲ್ಲಿ ಇರುವುದಿಲ್ಲ. ಅವರನ್ನು ಬೇರೆಯಾಗಿಯೇ ಹುಡುಕಿ ಮಾತಾಡಿಸಬೇಕು, ಅದೂ ಮೇಸ್ತ್ರಿಯ ಎದುರಿಗಲ್ಲ. ಸಂಜೆ ಅಡುಗೆಯ ಹೊತ್ತು ಅಥವಾ ವಾರದ ಸಂತೆಯ ದಿನ ಸೂಕ್ತ. ಹಿಂದಿ ಬಲ್ಲ ಒಬ್ಬರು ತಂಡದಲ್ಲಿರಲಿ, ಸಿಂಧನೂರಿನ ಕ್ಯಾಂಪುಗಳಲ್ಲಿ ಬಂಗಾಲಿ ಬಾರದಿದ್ದರೂ ನಡೆಯುತ್ತದೆ. ಅಲ್ಲಿಯ ಹುಡುಗರು ಕನ್ನಡ ಶಾಲೆಯಲ್ಲಿ ಓದಿದವರು. ಊರಿನವರನ್ನು ಕೇಳಲು ಹೊರ ತಾಲೂಕಿನ ಕನ್ನಡಿಗರು ಉತ್ತಮ: ತೀರ ಪರಿಚಿತರ ಮುಂದೆ ಜನ ಹೇಳಲು ಅಂಜುತ್ತಾರೆ, ತೀರ ಅಪರಿಚಿತರ ಮುಂದೆ ನಟಿಸುತ್ತಾರೆ. ಹೆಂಗಸರ ಸಂದರ್ಶನವನ್ನು ಹೆಂಗಸರೇ ಮಾಡಬೇಕು. ಕ್ವಾರಂಟೈನಿನ ಶಾಲೆಗೆ ಅನ್ನ ಬೇಯಿಸಿದ ಬಿಸಿಯೂಟದವರು, ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರು, ಇವರ ನೆನಪಿನಷ್ಟು ನಿಖರವಾದುದು ಬೇರೆಲ್ಲೂ ಸಿಗುವುದಿಲ್ಲ. ‘ಅಕ್ಕಾರ’ ಎಂದು ಮಾತು ತೆಗೆದು, ಅವರ ಹಳೆಯ ಸಮೀಕ್ಷೆಯ ಪುಸ್ತಕ ಉಳಿದಿದ್ದರೆ ಅದನ್ನು ಮುಂದಿಟ್ಟುಕೊಂಡು ಮಾತಾಡಿ. ಅದರಲ್ಲಿರುವ ರೋಗಿಗಳ ಹೆಸರುಗಳನ್ನು ಮಾತ್ರ ನಕಲು ಮಾಡಿಕೊಳ್ಳಬೇಡಿ.

ಬರೆಯುವಾಗ

ಫಲಿತಾಂಶವನ್ನು ಮೂರು ಎಳೆಗಳಾಗಿಯೇ ಬರೆಯಿರಿ. ಒಂದೇ ಸೂಚ್ಯಂಕವಾಗಿ ಕೂಡಿಸಬೇಡಿ. ಭಯ ಇಳಿದಿದೆ, ಪ್ರಾಮುಖ್ಯ ಇಳಿದಿದೆ, ಬಾಡಿಗೆ ಕೊಡುವ ನಿಲುವು ಮಾತ್ರ ಹಿಂದಿಗಿಂತ ಬಿಗಿಯಾಗಿದೆ ಎಂದು ಬಂದರೆ ಹಾಗೆಯೇ ಬರೆಯಬೇಕು. ಆಯಾ ಗುಂಪಿನ ಉತ್ತರವನ್ನು ಬೇರೆ ಬೇರೆಯಾಗಿ ಕೊಡಿ: ಗುಳೆ ಹೋದವರಿರುವ ಮನೆ, ಇಲ್ಲದ ಮನೆ, ನೀರಾವರಿಯ ಊರು, ಒಣ ಬೇಸಾಯದ ಊರು. ಕ್ಯಾಂಪಿನವರನ್ನು ಬರೀ ಅಭಿಪ್ರಾಯಕ್ಕೆ ಗುರಿಯಾದವರೆಂದು ಬಿಡದೆ ಅಭಿಪ್ರಾಯ ಹೇಳುವವರ ಸಾಲಿಗೂ ಸೇರಿಸಿ. ಎಪ್ಪತ್ತು ವರ್ಷ ಹಿಂದೆ ಬಂದವರು ಮೊನ್ನೆ ಬಂದವರ ಬಗ್ಗೆ ಏನನ್ನುತ್ತಾರೆ ಎಂಬುದು ಈ ಸೀಮೆಯ ಅತಿ ಕುತೂಹಲದ ಪ್ರಶ್ನೆಗಳಲ್ಲೊಂದು.

ಬೇಲಿ ಹಾಕಿದ ಊರಿನ ಹೆಸರನ್ನು ವರದಿಯಲ್ಲಿ ಬರೆಯಬೇಡಿ. ಮನೆಯಲ್ಲಿ ನಾಲ್ಕು ಜನರ ಮುಂದೆ ಸಲೀಸಾಗಿ ಹೇಳಿದ ಮಾತು ಮುದ್ರಣವಾದ ಮೇಲೆ ಬೇರೆಯೇ ತೂಕ ಪಡೆಯುತ್ತದೆ. ತಾಲೂಕಿನ ಹೆಸರು ಸಾಕು, ಚಿಕ್ಕ ಕ್ಯಾಂಪುಗಳ ವಿಷಯದಲ್ಲಿ ಅದೂ ಹೆಚ್ಚಾದೀತು. ಪೌರತ್ವದ ಅರ್ಜಿ ಹಾಕಿದ ಕುಟುಂಬಗಳ ಕಾಗದಪತ್ರದ ವಿವರಗಳನ್ನು ಅವರಾಗಿ ತೋರಿಸಿದರೂ ಟಿಪ್ಪಣಿ ಪುಸ್ತಕಕ್ಕೆ ಇಳಿಸಬೇಡಿ, ಫೋಟೊ ತೆಗೆಯಬೇಡಿ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಕೇಳಿದರೆ ಅನೇಕರು ಹಿಂದೆ ಸರಿಯುತ್ತಾರೆ. ವಿಶ್ವವಿದ್ಯಾಲಯದ ನೈತಿಕ ಸಮಿತಿಯಿಂದ ಬಾಯಿಮಾತಿನ ಒಪ್ಪಿಗೆಗೆ ಮೊದಲೇ ಅನುಮತಿ ಪಡೆದು, ಒಪ್ಪಿಗೆ ಸಿಕ್ಕಿದ ದಿನಾಂಕವನ್ನೂ ಕೇಳಿದವರ ಸಹಿಯನ್ನೂ ಮಾತ್ರ ದಾಖಲಿಸಿ. ಭರ್ತಿಯಾದ ಪ್ರಶ್ನಾವಳಿಗಳನ್ನು ಊರಿನ ಪಂಚಾಯಿತಿ ಕಚೇರಿಯಲ್ಲಿ ಒಂದು ರಾತ್ರಿಯ ಮಟ್ಟಿಗೂ ಬಿಟ್ಟು ಬರಬೇಡಿ.